ಬಸ್ ಸ್ಟಾಪ್ ಅರವತ್ತು ಮೀಟರ್ ಆಚೆ ಸರಿದ ಕಥೆ

ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆ ಕಡೆ ಹೋಗುವ ಭಾಗದಲ್ಲಿ ನಮ್ಮೂರು. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಯಾವ ಕಚೇರಿ, ಯಾವ ಮೇಜು ಅಂತ ಇಲ್ಲಿನವರಿಗೆಲ್ಲ ಗೊತ್ತಾಗಿಬಿಡುತ್ತದೆ. ನಾಳೆ ಪಹಣಿಗೋ ಖಾತೆಗೋ ನಾನು ಮತ್ತೆ ಅದೇ ಜನರ ಮುಂದೆ ನಿಲ್ಲಬೇಕಲ್ವಾ.

ಊರಿನ ನಡುವೆ ಒಂದು ತಿರುವಿದೆ. ಒಂದು ಮಗ್ಗುಲಲ್ಲಿ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇನ್ನೊಂದು ಮಗ್ಗುಲಲ್ಲಿ ಗದ್ದೆಗೆ ಇಳಿಯುವ ಇಳಿಜಾರು. ತಿರುವಿನ ಒಳಬದಿಯಲ್ಲೇ, ಬರೆಗೆ ಒತ್ತಿಕೊಂಡು, ಬಸ್ ತಂಗುದಾಣ. ಅದರ ಪಕ್ಕದಲ್ಲಿ, ತೋಟದ ಕೂಲಿಯವರು ಇರುವ ಲೈನ್ ಮನೆಗಳ ಕಡೆಯಿಂದ ಬರುವ ಕಾಂಕ್ರೀಟ್ ರಸ್ತೆ ಮುಖ್ಯ ರಸ್ತೆಗೆ ಸೇರುತ್ತದೆ. ಬೆಳಗ್ಗೆ ಎಂಟರಿಂದ ಒಂಬತ್ತರ ಒಳಗೆ ಶಾಲೆ ಮಕ್ಕಳು, ತೋಟಕ್ಕೆ ಆಳುಗಳನ್ನು ತುಂಬಿಕೊಂಡ ಪಿಕಪ್ ಜೀಪು, ಹಾಲಿನ ಕ್ಯಾನ್ ಕಟ್ಟಿದ ಬೈಕು, ಖಾಸಗಿ ಬಸ್ಸು ಎಲ್ಲವೂ ಅದೇ ನಾಲ್ಕು ಮಾರು ಜಾಗದಲ್ಲಿ ಸೇರಬೇಕು.

ಮೊದಲು ಇಷ್ಟು ತೊಂದರೆ ಇರಲಿಲ್ಲ. ಓಡಾಡುವವರೆಲ್ಲ ಊರಿನವರೇ ಆಗಿದ್ದರು. ಎಲ್ಲಿ ಹಾರ್ನ್ ಹೊಡೆಯಬೇಕು, ಯಾವ ಹೊತ್ತಿಗೆ ಯಾವ ಬಸ್ಸು ಎದುರು ಬರುತ್ತದೆ ಅನ್ನುವುದು ಕೈಗೇ ಗೊತ್ತಿತ್ತು. ಈಗ ಹಾಗಲ್ಲ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವವರು, ನಾಲ್ಕುನಾಡು ಅರಮನೆ ನೋಡುವವರು, ಚೇಲಾವರ ಜಲಪಾತಕ್ಕೆ ಹೋಗುವವರು ಶನಿವಾರ ಬೆಳಕು ಹರಿಯುವ ಮೊದಲೇ ಬರುತ್ತಾರೆ. ಗೂಗಲ್ ಮ್ಯಾಪ್ ದಾರಿ ತೋರಿಸುತ್ತದೆ, ತಿರುವಿನಾಚೆ ಮಕ್ಕಳು ನಿಂತಿದ್ದಾರೆ ಅಂತ ಹೇಳುವುದಿಲ್ಲ. ಹಾಗಂತ ಎಲ್ಲವನ್ನೂ ಪ್ರವಾಸಿಗರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹೋಂಸ್ಟೇಗಳು ನಮ್ಮವೇ. ಕುಯ್ಲಿನ ಕಾಲದಲ್ಲಿ ಆಳುಗಳನ್ನು ಇಳಿಸಿ ಇನ್ನೊಂದು ಟ್ರಿಪ್‌ಗೆ ಓಡುವ ಜೀಪುಗಳೂ ನಮ್ಮವೇ. ಅವುಗಳ ವೇಗ ನೋಡಿದರೆ ಬೆಂಗಳೂರಿನ ಕಾರುಗಳೇ ಪರವಾಗಿಲ್ಲ ಅನ್ನಿಸುತ್ತದೆ.

ವಿಷಯ ಗಂಭೀರವಾಗಿದ್ದು ಎರಡನೇ ಕ್ಲಾಸಿನ ಹುಡುಗನೊಬ್ಬನ ಬ್ಯಾಗಿಗೆ ಕಾರಿನ ಕನ್ನಡಿ ಸಿಕ್ಕಿಕೊಂಡಾಗ. ಬ್ಯಾಗಿನ ಪಟ್ಟಿ ಹರಿಯಿತು. ಹುಡುಗ ಚರಂಡಿಗೆ ಬಿದ್ದ. ಮೊಣಕೈ ತರಚಿತು, ಅಷ್ಟೇ. ಕಾರಿನವರು ನಿಲ್ಲಿಸಿದರು, ಕ್ಷಮೆ ಕೇಳಿದರು, ಐನೂರು ರೂಪಾಯಿ ಕೊಟ್ಟರು. ಸೇರಿದ್ದವರೆಲ್ಲ ಮಾತಾಡಿ ಅಲ್ಲಿಗೇ ಮುಗಿಸಿದರು. ಪಟ್ಟಿ ಹರಿಯದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಆ ಮಗುವಿನ ಅಮ್ಮ ನನ್ನ ಹತ್ತಿರ ಕೇಳಿದಳು. ನನ್ನ ಮಗಳೂ ಅದೇ ಬಸ್ಸಿಗೆ ಹತ್ತುವವಳು.

ಮರುದಿನದಿಂದ ಊರಿನಲ್ಲಿ ಒಂದೇ ಮಾತು: ಹಂಪ್ ಹಾಕಿಸಬೇಕು.

ಕೊಡಗಿನಲ್ಲಿ ಯಾವ ರಸ್ತೆ ಸಮಸ್ಯೆಗೂ ಜನ ಮೊದಲು ಕೇಳುವುದು ಹಂಪ್. ಅದು ಕಣ್ಣಿಗೆ ಕಾಣುತ್ತದೆ, ಹಾಕಿಸಿದವರ ಹೆಸರು ಹೇಳಿಕೊಳ್ಳಬಹುದು. ಆದರೆ ಹಂಪ್ ಅಂದ ಕೂಡಲೇ ಊರು ಎರಡಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಡಿಕೇರಿಗೆ ಹೋಗುವ ಒಬ್ಬರು, ಈಗಿರುವ ಗುಂಡಿಗಳೇ ಸಾಕು ಮಾರಾಯ್ರೆ ಅಂದರು. ಬಾಡಿಗೆ ಜೀಪಿನವರಿಗೆ ಗಾಡಿಯ ಸ್ಪ್ರಿಂಗ್ ಪ್ಲೇಟಿನ ಚಿಂತೆ. ಈ ಚರ್ಚೆ ನಡೆಯುತ್ತಿರುವಾಗಲೇ ಒಂದು ರಾತ್ರಿ ಯಾರೋ ಹುಡುಗರು ಮಣ್ಣು, ಜಲ್ಲಿ ಸುರಿದು ತಾವೇ ಒಂದು ಹಂಪ್ ಮಾಡಿಬಿಟ್ಟರು. ಬಣ್ಣವಿಲ್ಲ, ಬೋರ್ಡಿಲ್ಲ. ಬೆಳಗ್ಗಿನ ಮಂಜಿನಲ್ಲಿ ಬೈಕೊಂದು ಅದರ ಮೇಲೆ ಜಾರಿ, ಸವಾರನ ಕೈ ಉಳುಕಿತು. ಎರಡು ದಿನದಲ್ಲಿ ಜೆಸಿಬಿ ಬಂದು ಅದನ್ನು ಕೆರೆದು ಹಾಕಿತು.

ಹಂಪಿಗೂ ಲೆಕ್ಕವಿದೆ ಅಂತ ನನಗೆ ತಿಳಿದಿದ್ದು ಆಗ. ರಸ್ತೆಗಳ ಅಳತೆ, ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ ಐಆರ್‌ಸಿ 99 ಅನ್ನುವ ಮಾರ್ಗಸೂಚಿ ಇದೆ. ದುಂಡಗಿನ ಹಂಪ್ ಆದರೆ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂದರೆ ಕಾರಿನಷ್ಟೇ ಉದ್ದದ, ಗೇಣಿಗಿಂತ ಕಡಿಮೆ ಎತ್ತರದ ಉಬ್ಬು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಸೊಂಟಕ್ಕೆ ಏನೂ ಆಗಬಾರದು. ಮೊದಲೇ, ಸುಮಾರು 40 ಮೀಟರ್ ದೂರದಲ್ಲಿ ಎಚ್ಚರಿಕೆ ಫಲಕ ಇರಬೇಕು. ನಮ್ಮ ಕಡೆ ಇರುವ ಹಂಪ್‌ಗಳಲ್ಲಿ ಈ ಅಳತೆಗೆ ಹೊಂದುವುದು ಎಷ್ಟಿವೆ ಅಂತ ನೀವೇ ಟೇಪ್ ಹಿಡಿದು ನೋಡಿ.

ವಾರ್ಡ್ ಸಭೆ ಹತ್ತಿರ ಬಂದಿತ್ತು. ಅಲ್ಲಿ ಎತ್ತೋಣ ಅಂತ ಕೆಲವರು ಸೇರಿಕೊಂಡೆವು. ಸಭೆ ಇಟ್ಟಿದ್ದು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ. ಈ ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಜಾಸ್ತಿ ಓಡಾಡುವವರು ಲೈನ್ ಮನೆಯ ಹೆಂಗಸರು. ಆ ಹೊತ್ತಿಗೆ ಅವರೆಲ್ಲ ತೋಟದಲ್ಲಿರುತ್ತಾರೆ. ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಬರುವವರು ಯಾರು? ಕಾರು, ಜೀಪು ಇರುವವರು. ರಸ್ತೆ ಬದಿಯಲ್ಲಿ ನಡೆಯುವ ಕಷ್ಟದ ಬಗ್ಗೆ ನಡೆಯದವರು ತೀರ್ಮಾನ ಮಾಡುತ್ತಾರೆ. ನಾವು ಪಂಚಾಯಿತಿಗೆ ಹೋಗಿ, ಭಾನುವಾರಕ್ಕೆ ಇಡಿ ಅಂತ ಕೇಳಿದೆವು. ಆ ಸಲ ಆಗಲಿಲ್ಲ. ಆದರೂ ಒಂದು ತೋಟದ ಮಾಲೀಕರು ನಾಲ್ಕು ಜನ ಹೆಂಗಸರಿಗೆ ಅರ್ಧ ದಿನದ ಕೂಲಿ ಕಡಿಯದೆ ಕಳಿಸಿಕೊಟ್ಟರು.

ಸಭೆಯಲ್ಲಿ ಕೊಡವ ತಕ್ಕ್, ಮಲಯಾಳ, ಕನ್ನಡ ಎಲ್ಲ ಕಲಸಿ ಒಂದು ಗಂಟೆ ಗದ್ದಲ. ಬೀದಿ ದೀಪ, ನಾಯಿ ಕಾಟ, ಕಾಡಾನೆ, ಮನೆ ಪಟ್ಟಿ. ಕೊನೆಗೆ ನಮ್ಮ ವಿಷಯ ಬಂತು. ಗದ್ದಲದ ನಡುವೆ ಆ ಹೆಂಗಸರಲ್ಲಿ ಒಬ್ಬರು ಎದ್ದು ನಿಂತು ಹೇಳಿದ್ದು ಇಷ್ಟೇ: ಚರಂಡಿ ಎಲ್ಲಿದೆ ಅಂತ ಕಾಣುವುದಿಲ್ಲ, ಹುಲ್ಲು ಮುಚ್ಚಿದೆ. ಸೌದೆ ಹೊರೆ ತಲೆ ಮೇಲಿದ್ದರೆ ಹಿಂದೆ ತಿರುಗಿ ನೋಡಲಿಕ್ಕಾಗುವುದಿಲ್ಲ. ಅದಕ್ಕೆ ಟಾರಿನ ಮೇಲೇ ನಡೆಯುತ್ತೇವೆ. ಕಾರಿನವರು ಬೈತಾರೆ.

ಹಂಪ್‌ಗಿಂತ ಮೊದಲು ಹುಲ್ಲು ಕಡಿಸಬೇಕು ಅಂತ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದು ಒಳ್ಳೆಯ ಮಾತು ಹೇಳಿದರು. ‘ಹಂಪ್ ಬೇಕು ಅಂತ ನಿರ್ಣಯ ಬರೆಸಬೇಡಿ. ರಸ್ತೆ ಇಲಾಖೆಯವರು ಆಗುವುದಿಲ್ಲ ಅಂತ ಒಂದು ಸಾಲು ಬರೆದರೆ ನಿಮ್ಮ ಕಡತ ಮುಗೀತು. ಈ ಜಾಗದಲ್ಲಿ ಪಾದಚಾರಿಗಳಿಗೆ ಅಪಾಯವಿದೆ, ಸ್ಥಳ ಪರಿಶೀಲನೆ ಮಾಡಿ ಕ್ರಮ ತೆಗೆದುಕೊಳ್ಳಬೇಕು ಅಂತ ಬರೆಸಿ. ಆಗ ಅವರು ಬಂದು ನೋಡಲೇಬೇಕು.’ ಹಾಗೇ ಬರೆಸಿದೆವು. ವಾರ್ಡ್ ಸಭೆಯಿಂದ ಗ್ರಾಮ ಸಭೆಗೆ ಹೋಯಿತು, ಅಲ್ಲಿ ನಿರ್ಣಯವಾಯಿತು. ನಡಾವಳಿಯ ದೃಢೀಕೃತ ನಕಲು ಕೈಗೆ ಬರುವವರೆಗೆ ನಾನು ಪಂಚಾಯಿತಿ ಮೆಟ್ಟಿಲು ಬಿಡಲಿಲ್ಲ. ಸಭೆಯಲ್ಲಿ ಎಷ್ಟೇ ಗಟ್ಟಿಯಾಗಿ ಕೂಗಿದರೂ ನಡಾವಳಿ ಪುಸ್ತಕಕ್ಕೆ ಬರದಿದ್ದರೆ ಅದು ಆಗಲೇ ಇಲ್ಲ ಅಂತ ಲೆಕ್ಕ.

ಮುಂದಿನ ಪ್ರಶ್ನೆ: ಈ ತಿರುವು ಯಾರದು?

ಸುಮ್ನೆ ಕೇಳಿದಂತೆ ಕಾಣುತ್ತದೆ. ಆರು ತಿಂಗಳು ತಿಂದಿದ್ದು ಇದೇ ಪ್ರಶ್ನೆ. ಒಂದು ಕಚೇರಿಗೆ ಹೋದರೆ, ಅದು ಗ್ರಾಮೀಣ ರಸ್ತೆ, ಆ ಕಡೆ ಕೇಳಿ ಅಂದರು. ಆ ಕಡೆ ಹೋದರೆ, ಮುಖ್ಯ ರಸ್ತೆ ನಮ್ಮದಲ್ಲ ಅಂದರು. ನಿಧಾನವಾಗಿ ನಮಗೆ ಅರ್ಥವಾಗಿದ್ದು ಹೀಗೆ. ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಅದಕ್ಕೆ ಸೇರುವ ಕಾಂಕ್ರೀಟ್ ರಸ್ತೆ ಪಂಚಾಯಿತಿಯದು. ಕರೆಂಟ್ ಕಂಬ ಚೆಸ್ಕಾಂನದು, ಕಂಬದ ಮೇಲಿನ ಬಲ್ಬು ಮತ್ತು ಅದರ ಬಿಲ್ಲು ಪಂಚಾಯಿತಿಯದು. ಬರೆಯ ಮೇಲಿನ ಬೇಲಿ ತೋಟದವರದು. ಬೇಲಿಯ ನಡುವೆ ಇರುವ ಮರದ ಕೊಂಬೆ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯನ್ನು ಕೇಳಬೇಕು. ಬಸ್ಸು ಎಲ್ಲಿ ನಿಲ್ಲಬೇಕು ಅನ್ನುವುದು ಸಾರಿಗೆ ಇಲಾಖೆಗೂ ಜಿಲ್ಲಾಡಳಿತಕ್ಕೂ ಬಿಟ್ಟಿದ್ದು. ಕಾರಿನ ವೇಗ ಪೊಲೀಸರಿಗೆ. ತಿರುವಿನಲ್ಲಿ ನಿಲ್ಲುವ ಮಗು ಮಾತ್ರ ಯಾರ ವ್ಯಾಪ್ತಿಗೂ ಬರುವುದಿಲ್ಲ.

ಬಾಯಿ ಮಾತಿನಲ್ಲಿ ಇದು ಬಗೆಹರಿಯುವುದಿಲ್ಲ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಹಾಗಾಗಿ ನಮ್ಮ ಸಿಟ್ಟನ್ನೆಲ್ಲ ತೆಗೆದುಹಾಕಿ ಮೂರು ಪ್ರಶ್ನೆ ಉಳಿಸಿಕೊಂಡೆವು. ಈ ರಸ್ತೆ ಯಾವ ಇಲಾಖೆಯ ಪಟ್ಟಿಯಲ್ಲಿದೆ? ಇಲ್ಲಿ ರಸ್ತೆಯ ಅಗಲ ದಾಖಲೆಯಲ್ಲಿ ಎಷ್ಟು? ತಂಗುದಾಣ ಕಟ್ಟಲು ಅನುಮತಿ ಕೊಟ್ಟವರು ಯಾರು? ಮೂವತ್ತು ದಿನದ ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು. ರಸ್ತೆ ನಮ್ಮದೇ ಅಂತ ಲೋಕೋಪಯೋಗಿ ಇಲಾಖೆಯವರು ಒಪ್ಪಿಕೊಂಡಿದ್ದರು. ಅಗಲ ಕೊಟ್ಟಿದ್ದರು. ಮೂರನೇ ಪ್ರಶ್ನೆಯ ಮುಂದೆ, ‘ದಾಖಲೆ ಲಭ್ಯವಿಲ್ಲ’.

ತಂಗುದಾಣದ ಹಣೆಯ ಮೇಲೆ ಅನುದಾನ ಕೊಟ್ಟವರ ಹೆಸರು ದಪ್ಪ ಅಕ್ಷರದಲ್ಲಿದೆ. ದಾಖಲೆಯಲ್ಲಿ ಮಾತ್ರ ಅದಕ್ಕೆ ಅಪ್ಪ ಅಮ್ಮ ಇಲ್ಲ.

ಈ ನಡುವೆ ಠಾಣೆಗೂ ಹೋಗಿದ್ದೆವು. ಅಲ್ಲಿ ಇನ್ನೊಂದು ಪಾಠ. ಸರ್ಕಾರದ ಲೆಕ್ಕದಲ್ಲಿ ಒಂದು ಜಾಗ ‘ಬ್ಲ್ಯಾಕ್ ಸ್ಪಾಟ್’ ಆಗಬೇಕಾದರೆ, ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ ಆಗಿರಬೇಕು. ಇಲ್ಲವೇ ಹತ್ತು ಸಾವು. ನಮ್ಮ ತಿರುವಿನ ಲೆಕ್ಕ ಸೊನ್ನೆ. ಯಾಕೆಂದರೆ ಆದ ಅಪಘಾತಗಳೆಲ್ಲ ಐನೂರು, ಸಾವಿರಕ್ಕೆ ರಾಜಿಯಾಗಿವೆ. ದೂರೇ ಇಲ್ಲದಿದ್ದರೆ ಪೊಲೀಸರ ಅಪಘಾತ ದಾಖಲೆಗೂ ಏನೂ ಹೋಗುವುದಿಲ್ಲ. ಅಲ್ಲಿದ್ದ ಎಎಸ್‌ಐ ಬಿಡಿಸಿ ಹೇಳಿದರು: ‘ನಿಮ್ಮೂರಿನವರು ಒಳ್ಳೆಯವರು, ಕೇಸು ಮಾಡುವುದಿಲ್ಲ. ಆದರೆ ಕಾಗದದಲ್ಲಿ ನಿಮ್ಮ ತಿರುವು ಜಿಲ್ಲೆಯಲ್ಲೇ ಸುರಕ್ಷಿತ.’

ಆ ಲೆಕ್ಕವನ್ನು ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ದುಡ್ಡು ಕಡಿಮೆ ಇರುವಾಗ ಜನ ಸಾಯುವ ಜಾಗಕ್ಕೆ ಮೊದಲು ಕೊಡಬೇಕು, ಅದು ಸರಿಯೇ. ಆದರೆ ಸಾಯುವ ಮೊದಲು ಕೇಳುವವರಿಗೂ ಒಂದು ಸಾಲು ಇರಬೇಕಲ್ವಾ.

ತಿರುವಿನ ಎದುರಿನ ಅಂಗಡಿಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆವು. ಬ್ರೇಕ್ ಹಿಡಿದ ಸದ್ದು, ತಾಗಿಯೂ ತಾಗದ ಹಾಗೆ ಹೋದ ಗಾಡಿ, ಬಸ್ಸನ್ನು ತಿರುವಿನಲ್ಲೇ ಓವರ್‌ಟೇಕ್ ಮಾಡಿದ್ದು, ನಡೆದವರು ಚರಂಡಿಗೆ ಹಾರಿದ್ದು. ದಿನಾಂಕ, ಸಮಯ, ಮಳೆ ಇತ್ತೋ ಮಂಜಿತ್ತೋ, ಯಾವ ಬಗೆಯ ಗಾಡಿ. ನಂಬರ್ ಬರೆಯಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಬರೆದರೆ ಪುಸ್ತಕ ಜಗಳಕ್ಕೆ ಬೀಳುತ್ತದೆ. ಅಂಗಡಿಯವರು ಮೊದಲು ಗೊಣಗಿದರು, ಆಮೇಲೆ ಅವರಿಗೇ ಹುಚ್ಚು ಹಿಡಿಯಿತು. ಗಿರಾಕಿಗೆ ಸಕ್ಕರೆ ತೂಗುತ್ತಿದ್ದವರು ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದರು. ಕೆಲವು ತಿಂಗಳ ನಂತರ ಪುಟ ತಿರುಗಿಸಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ವಾರಾಂತ್ಯದ ಪ್ರವಾಸಿ ಕಾರುಗಳಿಗಿಂತ, ವಾರದ ದಿನ ಬಸ್ಸು ನಿಂತಾಗ ಆಗುವ ಗಡಿಬಿಡಿಯೇ ಜಾಸ್ತಿ. ಬಸ್ಸು ತಿರುವಿನಲ್ಲಿ ನಿಲ್ಲುತ್ತದೆ, ಹಿಂದಿನವರು ಕಾಯುವುದಿಲ್ಲ, ಬಲಕ್ಕೆ ಹೊರಬರುತ್ತಾರೆ, ಎದುರಿನಿಂದ ಬರುವವರಿಗೆ ಅವರು ಕಾಣುವುದಿಲ್ಲ, ಇಳಿದ ಮಕ್ಕಳು ಬಸ್ಸಿನ ಮುಂದಿನಿಂದ ರಸ್ತೆ ದಾಟುತ್ತಾರೆ. ಹಂಪ್ ಹಾಕಿದ್ದರೂ ಇದು ನಿಲ್ಲುತ್ತಿರಲಿಲ್ಲ.

ಜಿಲ್ಲೆಯ ರಸ್ತೆ ಸುರಕ್ಷತಾ ಸಮಿತಿ ಅಂತ ಒಂದಿದೆ. ಮೋಟಾರು ವಾಹನ ಕಾಯ್ದೆಯ 215ನೇ ಕಲಂನಲ್ಲೇ ಅದರ ಪ್ರಸ್ತಾಪವಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ಎಂಜಿನಿಯರ್‌ಗಳು ಒಂದೇ ಮೇಜಿಗೆ ಬರುವ ಜಾಗ ಅದು. ಎಲ್ಲರೂ ಬೇರೆಯವರ ಕಡೆ ಬೆರಳು ತೋರಿಸುವ ಸಮಸ್ಯೆಗೆ, ಆ ಎಲ್ಲರೂ ಒಟ್ಟಿಗೆ ಕೂರುವ ಜಾಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅರ್ಜಿ ಒಂದೇ ಪುಟ. ಅದರ ಹಿಂದೆ ಗ್ರಾಮ ಸಭೆಯ ನಡಾವಳಿ, ಮಾಹಿತಿ ಹಕ್ಕಿನ ಉತ್ತರ, ನೋಟ್‌ಬುಕ್ಕಿನ ಜೆರಾಕ್ಸ್, ಡ್ರೈವರ್ ಸೀಟಿನಿಂದ ತೆಗೆದ ಫೋಟೋ. ಮಡಿಕೇರಿಗೆ ಹೋಗಿ ಟಪಾಲಿನಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ನಂಬರ್ ಹಾಕಿಸಿಕೊಂಡು ಬಂದೆವು. ಆ ನಂಬರ್ ಇಲ್ಲದೆ ಮುಂದೆ ಯಾರ ಹತ್ತಿರವೂ ಮಾತಾಡಲಿಕ್ಕಾಗುವುದಿಲ್ಲ. ಯಾವಾಗ ಫೋನ್ ಮಾಡಿದರೂ ಮೊದಲು ಕೇಳುವುದೇ ಅದು.

ಆಮೇಲೆ ಮಳೆಗಾಲ. ಕೊಡಗಿನಲ್ಲಿ ಜೂನ್‌ನಿಂದ ಅರ್ಜಿಗಳೂ ಬೆಚ್ಚಗೆ ಮಲಗುತ್ತವೆ. ಮಳೆ ನಿಲ್ಲಲಿ ಅನ್ನುವುದು ನೆಪವೂ ಹೌದು, ನಿಜವೂ ಹೌದು. ನೀರು ಹರಿಯುವ ರಸ್ತೆಗೆ ಟಾರು ಹಾಕಲಾಗದು, ಬಣ್ಣವೂ ಹಿಡಿಯದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಬೆಟ್ಟವೇ ಇಳಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿಹೋದ ಮೇಲಂತೂ, ಇಲ್ಲಿ ರಸ್ತೆ ಅಂದರೆ ಎಲ್ಲರ ತಲೆಗೂ ಮೊದಲು ಬರುವುದು ತಡೆಗೋಡೆ. ಎಲ್ಲೋ ಬರೆ ಕುಸಿದಿರುವಾಗ ನಮ್ಮ ಬಸ್ ಸ್ಟಾಪ್ ಬಗ್ಗೆ ಫೋನ್ ಮಾಡಲು ನಮಗೇ ಮುಜುಗರ. ಆದರೂ ಮಾಡುತ್ತಿದ್ದೆವು.

ಮಳೆ ಬಿಟ್ಟ ಮೇಲೆ, ಕಾವೇರಿ ಸಂಕ್ರಮಣ ಕಳೆದು, ಜಂಟಿ ಸ್ಥಳ ಪರಿಶೀಲನೆಗೆ ದಿನ ಗೊತ್ತಾಯಿತು. ಬಂದವರು ಒಬ್ಬ ಸಹಾಯಕ ಎಂಜಿನಿಯರ್, ಠಾಣೆಯಿಂದ ಇಬ್ಬರು, ಪಂಚಾಯಿತಿಯವರು. ನಾವು ಹತ್ತಿಪ್ಪತ್ತು ಜನ. ಅಷ್ಟು ಜನ ಸೇರಿದರೆ ಎಲ್ಲರಿಗೂ ಭಾಷಣ ಮಾಡುವ ಆಸೆ. ಎಂಜಿನಿಯರ್ ಹುಡುಗ ಅದಕ್ಕೆ ಅವಕಾಶವೇ ಕೊಡಲಿಲ್ಲ. ಬೂಟು ತೆಗೆದು ಪ್ಯಾಂಟು ಮಡಚಿ ಚರಂಡಿಗೆ ಇಳಿದ. ಹುಲ್ಲಿನಡಿಯಲ್ಲಿ ಮೊಣಕಾಲಿನವರೆಗೆ ಹೂತುಹೋದ. ಆಮೇಲೆ ಮೇಲೆ ಬಂದು, ನನ್ನ ಮಗಳ ಊಟದ ಡಬ್ಬಿ ಕೇಳಿದ.

ಸ್ಟೀಲಿನ ಎರಡಂತಸ್ತಿನ ಡಬ್ಬಿ. ಅದನ್ನು ಮಕ್ಕಳು ರಸ್ತೆ ದಾಟುವ ಜಾಗದಲ್ಲಿ ಟಾರಿನ ಮೇಲೆ ಇಟ್ಟ. ತಾನು ತಿರುವಿನ ಆ ಕಡೆ ಹೋಗಿ, ಟೇಪು ಹಿಡಿದು ನೆಲದಿಂದ 1.2 ಮೀಟರ್ ಎತ್ತರಕ್ಕೆ ಕಣ್ಣು ಬರುವ ಹಾಗೆ ಬಗ್ಗಿ ನಿಂತ. ಕಾರಿನಲ್ಲಿ ಕೂತ ಡ್ರೈವರ್ ಕಣ್ಣು ಅಷ್ಟು ಎತ್ತರದಲ್ಲಿರುತ್ತದೆ ಅಂತ ಲೆಕ್ಕವಂತೆ. ರಸ್ತೆಯ ಮೇಲೆ ಬಿದ್ದ 15 ಸೆಂಟಿಮೀಟರ್ ಎತ್ತರದ ವಸ್ತು ಅವನಿಗೆ ಕಾಣಬೇಕು. ಹಾಗೇ ಬಗ್ಗಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋದ. ಡಬ್ಬಿ ಮರೆಯಾದ ಕಡೆ ನಿಂತು ಸೀಮೆಸುಣ್ಣದಿಂದ ಗೆರೆ ಎಳೆದ. ಇಬ್ಬರು ಟೇಪು ಎಳೆದು ಅಳೆದರು. ಮೂವತ್ತು ಮೀಟರ್ ಕೂಡ ಇರಲಿಲ್ಲ.

‘ಗಂಟೆಗೆ 40ರಲ್ಲಿ ಬರುವ ಕಾರು ನಿಲ್ಲಬೇಕಾದರೆ 45 ಮೀಟರ್ ಬೇಕು, 50ರಲ್ಲಿ ಬಂದರೆ 60 ಮೀಟರ್’ ಅಂದ. ‘ಇಲ್ಲಿ 30ಕ್ಕಿಂತ ಜಾಸ್ತಿ ಬಂದರೆ, ನೋಡಿ ಬ್ರೇಕ್ ಹಿಡಿದರೂ ಪ್ರಯೋಜನವಿಲ್ಲ.’

ಸುತ್ತಲಿದ್ದವರು ಸುಮ್ಮನಾದರು. ಇಷ್ಟು ವರ್ಷ ಡ್ರೈವರ್‌ಗಳಿಗೆ ಬೈದಿದ್ದೆವು. ಬೈದಿದ್ದು ತಪ್ಪಲ್ಲ. ಆದರೆ ನಿಧಾನವಾಗಿ ಬರುವವನಿಗೂ ಕಾಣದಂತೆ ಮಾಡಿದ್ದು ಏನು ಅಂತ ಆತ ಎದ್ದು ತೋರಿಸಿದ. ಬರೆಯ ಮೇಲಿನ ಬೇಲಿ ರಸ್ತೆಗೆ ಜೋತುಬಿದ್ದಿತ್ತು, ಲಂಟಾನ ಬೆಳೆದು ದಟ್ಟವಾಗಿತ್ತು. ಅದರ ಮುಂದೆ ನಮ್ಮ ತಂಗುದಾಣ. ಗೋಡೆ ಸರಿಯಾಗಿ ತಿರುವಿನ ಒಳಬದಿಗೆ ಅಡ್ಡ. ಮಕ್ಕಳು ನೆನೆಯಬಾರದು ಅಂತ ಕಟ್ಟಿದ್ದೇ ಮಕ್ಕಳನ್ನು ಮರೆ ಮಾಡುತ್ತಿತ್ತು.

ಹಂಪ್ ಬೇಡಿಕೆ ಅಲ್ಲೇ ಸತ್ತುಹೋಯಿತು. ತಿರುವಿನೊಳಗೆ, ಇಳಿಜಾರಿನಲ್ಲಿ ಹಂಪ್ ಹಾಕಿದರೆ ಬೈಕಿನವರು ಮಳೆಯಲ್ಲಿ ಬೀಳುತ್ತಾರೆ ಅಂತ ಎಂಜಿನಿಯರ್ ಖಡಾಖಂಡಿತ ಹೇಳಿದ. ಅದರ ಬದಲು ಸ್ಟಾಪನ್ನು ನೇರ ರಸ್ತೆಗೆ, ಸುಮಾರು ಅರವತ್ತು ಮೀಟರ್ ಆಚೆಗೆ ಸರಿಸುವುದು, ಬೇಲಿ ಹಿಂದೆ ತಳ್ಳುವುದು, ಚರಂಡಿ ಬಿಡಿಸಿ ಅಂಚನ್ನು ನಡೆಯಲು ಮಟ್ಟ ಮಾಡುವುದು, ಎರಡೂ ಕಡೆ ಶಾಲೆ ಫಲಕ, ತಿರುವಿನ ಮೊದಲು ಬಿಳಿ ಪಟ್ಟಿಗಳು. ಅಲ್ಲೇ ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದು ಎಲ್ಲರ ಸಹಿ ಹಾಕಿಸಿದ. ನಮ್ಮ ಸಹಿಯನ್ನೂ ತೆಗೆದುಕೊಂಡಿದ್ದು ನನಗೆ ಇಷ್ಟವಾಯಿತು.

ಬೇಲಿ ಮಾಲೀಕರ ಜೊತೆ ಮಾತುಕತೆ ಸುಲಭವಿರಲಿಲ್ಲ. ಜಾಗ ಅಂದರೆ ಕೊಡಗಿನಲ್ಲಿ ಒಂದು ಅಡಿಗೂ ನೂರು ವರ್ಷದ ಕಥೆ ಇರುತ್ತದೆ. ಹಿರಿಯರೊಬ್ಬರು ನಡುವೆ ಕೂತು, ಬೇಲಿ ಹಿಂದೆ ಹೋಗುತ್ತದೆ, ಗಡಿ ಕಲ್ಲು ಇದ್ದಲ್ಲೇ ಇರುತ್ತದೆ ಅಂತ ಬರೆದುಕೊಟ್ಟ ಮೇಲೆ ಒಪ್ಪಿದರು. ಮಾಲೀಕರೇ ತಮ್ಮ ಆಳುಗಳನ್ನು ಬಿಟ್ಟು ಒಂದು ಬೆಳಗ್ಗೆ ಲಂಟಾನ ಕಡಿಸಿದರು. ಮರದ ಕೊಂಬೆಗೆ ಅನುಮತಿ ಬರಲು ಮಾತ್ರ ತಡವಾಯಿತು.

ಸ್ಟಾಪ್ ಬದಲಾದ ಕಾಗದ ಬಂದಾಗ ನಾವು ಗೆದ್ದೆವು ಅಂದುಕೊಂಡೆವು. ಹೊಸ ಜಾಗದಲ್ಲಿ ಫಲಕವೂ ಬಂತು. ಬಸ್ಸು ಮಾತ್ರ ಹಳೆಯ ಜಾಗದಲ್ಲೇ ನಿಲ್ಲುತ್ತಿತ್ತು. ಕಂಡಕ್ಟರ್ ಹತ್ತಿರ ಕೇಳಿದರೆ, ಜನ ಎಲ್ಲಿ ನಿಂತಿರುತ್ತಾರೋ ಅಲ್ಲಿ ನಿಲ್ಲಿಸುತ್ತೇವೆ ಅಕ್ಕ, ನಮಗೇನು ಅಂದ. ಅವನ ಮಾತಿನಲ್ಲೂ ಸತ್ಯ ಇತ್ತು. ಹಳೆಯ ಜಾಗದಲ್ಲಿ ಸೂರಿದೆ, ಅಂಗಡಿಯಿದೆ, ಕೂರಲು ಕಟ್ಟೆಯಿದೆ. ಹೊಸ ಜಾಗದಲ್ಲಿ ಒಂದು ಕಂಬ. ವಯಸ್ಸಾದವರು ಬೈದರು. ನೋಟ್‌ಬುಕ್ ಬರೆದುಕೊಟ್ಟ ಅಂಗಡಿಯವರಿಗೇ ವ್ಯಾಪಾರ ಕಡಿಮೆಯಾಗುತ್ತದೆ ಅನ್ನುವ ಭಯ. ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಕೊನೆಗೆ ನಾವು ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಹೊಸ ಜಾಗದಲ್ಲಿ ನಿಲ್ಲಲು ಶುರು ಮಾಡಿದೆವು. ಬಸ್ಸು ತಿರುವಿನಲ್ಲಿ ಒಂದು ಸಲ, ನಮ್ಮ ಹತ್ತಿರ ಒಂದು ಸಲ ನಿಲ್ಲುತ್ತಿತ್ತು. ಸಮಯ ತಪ್ಪುತ್ತದೆ ಅಂತ ಡ್ರೈವರ್‌ಗೆ ಸಿಟ್ಟು. ಎರಡು ಸಲ ನಿಲ್ಲಿಸಿ ನಿಲ್ಲಿಸಿ ಅವನೇ ಬೇಸತ್ತು, ತಿರುವಿನಲ್ಲಿದ್ದವರನ್ನು ಮುಂದೆ ಬನ್ನಿ ಅಂತ ಗದರಲು ಶುರು ಮಾಡಿದ. ಠಾಣೆಯವರೂ ಕೆಲವು ಬೆಳಗ್ಗೆ ಬಂದು ನಿಂತರು.

ಪಂಚಾಯಿತಿ ತನ್ನ ದುಡ್ಡಿನಲ್ಲಿ ತಿರುವಿಗೆ ಒಂದು ಉಬ್ಬು ಕನ್ನಡಿ ಹಾಕಿತು. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈ ಬಂದಾಗ ಅದರ ಮೇಲೆ ಹಸಿರು ಪಾಚಿ. ಈಗ ಯಾರಾದರೂ ಏಣಿ ಹಾಕಿ ಒರೆಸಿದ ವಾರ ಮಾತ್ರ ಅದು ಕನ್ನಡಿ. ಬಿಳಿ ಪಟ್ಟಿಗಳೂ ಒಂದೇ ಮಳೆಗಾಲಕ್ಕೆ ಅರ್ಧ ಸವೆದಿವೆ. ಅಂಚು ಮಟ್ಟ ಮಾಡಿದ್ದು ಒಳ್ಳೆಯದಾಯಿತು. ಲೈನ್ ಮನೆಯ ಹೆಂಗಸರು ಈಗ ಸೌದೆ ಹೊತ್ತು ಟಾರಿನಿಂದ ಕೆಳಗೆ ನಡೆಯುತ್ತಾರೆ. ಹುಲ್ಲು ವರ್ಷಕ್ಕೆ ಎರಡು ಸಲ ಕಡಿಸಬೇಕು, ಅದನ್ನು ಉದ್ಯೋಗ ಖಾತರಿ ಯೋಜನೆಯಲ್ಲಿ ಹಾಕಿಸಬಹುದೇ ಅಂತ ಕೇಳುತ್ತಿದ್ದೇವೆ.

ಒಂದು ಬೇಡಿಕೆ ಬಿದ್ದುಹೋಯಿತು. ಶಾಲೆ ಬಿಡುವ, ಸೇರುವ ಹೊತ್ತಿನಲ್ಲಿ ಮರದ ಲಾರಿ, ಜಲ್ಲಿ ಲಾರಿ ಬಿಡಬೇಡಿ ಅಂತ ಕೇಳಿದ್ದೆವು. ಮಳೆಗಾಲದಲ್ಲಿ ರಸ್ತೆ ಉಳಿಸಲು ಭಾರೀ ವಾಹನಗಳನ್ನು ಜಿಲ್ಲಾಧಿಕಾರಿ ನಿಷೇಧಿಸುವುದುಂಟು. ಮೋಟಾರು ವಾಹನ ಕಾಯ್ದೆಯ 115ನೇ ಕಲಂನಲ್ಲಿ ಅದಕ್ಕೆ ಅಧಿಕಾರವಿದೆ. ಅದೇ ಕಲಂ ಸಾರ್ವಜನಿಕರ ಸುರಕ್ಷತೆಗೂ ಅನ್ವಯಿಸುತ್ತದೆ. ರಸ್ತೆ ಉಳಿಸಲು ನಿಲ್ಲಿಸಬಹುದಾದ ಲಾರಿಯನ್ನು ಮಕ್ಕಳಿಗಾಗಿ ದಿನಕ್ಕೆ ಎರಡು ಗಂಟೆ ನಿಲ್ಲಿಸಲಾಗದೇ ಅಂತ ಬರೆದೆವು. ಒಂದು ಊರಿಗೆ ಮಾಡಿದರೆ ಎಲ್ಲ ಊರಿನವರೂ ಕೇಳುತ್ತಾರೆ ಅನ್ನುವ ಅರ್ಥದ ಹಿಂಬರಹ ಬಂತು. ಎಲ್ಲ ಊರಿನವರೂ ಕೇಳಬೇಕು ಅಂತಲೇ ನನ್ನ ಅಭಿಪ್ರಾಯ. ಈ ವಿಷಯವನ್ನು ಬಿಟ್ಟಿಲ್ಲ.

ಈಗ ಕೈಯಲ್ಲಿರುವುದು ತಂಗುದಾಣ. ಹಳೆಯದನ್ನು ಕೆಡವಿದರೆ ತಿರುವು ಇನ್ನೂ ಹತ್ತು ಮೀಟರ್ ತೆರೆದುಕೊಳ್ಳುತ್ತದೆ. ಆದರೆ ಅದು ಯಾರ ಆಸ್ತಿ ಅಂತ ದಾಖಲೆಯಿಲ್ಲ. ಯಾರದೂ ಅಲ್ಲದ್ದನ್ನು ಕೆಡವಲು ಯಾರೂ ಸಹಿ ಹಾಕುವುದಿಲ್ಲ. ಹೊಸ ಸ್ಟಾಪಿನಲ್ಲಿ ಸೂರಿಲ್ಲದೆ ಮಕ್ಕಳು ಜೂನ್‌ನಿಂದ ಕೊಡೆ ಹಿಡಿದು ನಿಲ್ಲುತ್ತಾರೆ. ಆಟೋದವರು ಎರಡು ಸಿಲ್ವರ್ ಓಕ್ ನಡುವೆ ನೀಲಿ ಟಾರ್ಪಾಲ್ ಕಟ್ಟಿಕೊಟ್ಟಿದ್ದಾರೆ, ಗಾಳಿ ಬಂದರೆ ಅದು ಮಕ್ಕಳಿಗಿಂತ ಮೊದಲು ಬಸ್ಸು ಹತ್ತುತ್ತದೆ. ಹೊಸ ತಂಗುದಾಣಕ್ಕೆ ಅರ್ಜಿ ಕೊಟ್ಟಿದ್ದೇವೆ. ರಸ್ತೆ ಅಂಚಿನಿಂದ ಎಷ್ಟು ಹಿಂದೆ ಇರಬೇಕು, ಪಕ್ಕದ ಗೋಡೆ ಇಲ್ಲದೆ ಕಂಬದ ಮೇಲೆ ಸೂರು ಇರಬೇಕು ಅಂತ ಈ ಸಲ ನಾವೇ ನಕ್ಷೆ ಬಿಡಿಸಿ ಲಗತ್ತಿಸಿದ್ದೇವೆ. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸುವುದಾಗಿ ಉತ್ತರ ಬಂದಿದೆ. ಅನುದಾನ ಯಾರ ಹೆಸರಿನಲ್ಲಿ ಬರಬೇಕು ಅನ್ನುವ ಜಗಳ ಆಗಲೇ ಶುರುವಾಗಿದೆ.